ನಾಯಿಯ ಹೆಗಲಿನಲ್ಲಿ ನನ್ನ ಹೆಸರು

ನಾನು ನಾಯಿಗೆ ಮೈಕ್ರೋಚಿಪ್ ಹಾಕಿಸಲು ಹೊರಟಿದ್ದು ಒಬ್ಬ ಹೆಂಗಸಿನ ಮೇಲಿನ ಸಿಟ್ಟಿಗೆ. ಕಳೆದುಹೋದರೆ ಸಿಗಲಿ ಎಂಬ ಕಾಳಜಿ ಅದರಲ್ಲಿ ಲವಲೇಶವೂ ಇರಲಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ಹೆಂಗಸು ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡಂತಿದ್ದ ತಗಡಿನ ಶೆಡ್ಡಿನಲ್ಲಿ ಇದ್ದವಳು. ಯಾದಗಿರಿ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು. ನಾನು ಅದೇ ಕಾಂಪೌಂಡಿನ ಈಚೆ, ಎರಡನೇ ಮಹಡಿಯಲ್ಲಿರುವವಳು. ವೈಟ್‌ಫೀಲ್ಡಿನ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಕಂದು ಬಣ್ಣದ ಹೆಣ್ಣು ನಾಯಿ.

ಆ ವರ್ಷ ಬೇಸಿಗೆಯಲ್ಲಿ ಪಕ್ಕದ ಕಟ್ಟಡದ ಕೆಲಸ ಇದ್ದಕ್ಕಿದ್ದಂತೆ ನಿಂತುಹೋಯಿತು. ಕೋರ್ಟಿನಿಂದ ಏನೋ ತಡೆ ಬಂದಿದೆಯಂತೆ ಎಂದು ಲಿಫ್ಟಿನಲ್ಲಿ ಜನ ಮಾತಾಡಿಕೊಂಡರು. ನಾಲ್ಕೈದು ದಿನಗಳಲ್ಲಿ ಶೆಡ್ಡುಗಳು ಖಾಲಿಯಾದವು. ಸಿಮೆಂಟಿನ ಚೀಲ ಹೊಲಿದು ಮಾಡಿದ ಪರದೆಗಳು, ಒಡೆದ ಬಕೆಟ್ಟು, ಮೂರು ಕಲ್ಲಿನ ಒಲೆ ಮತ್ತು ಈ ನಾಯಿ ಮಾತ್ರ ಉಳಿದವು. ನಾನು ಬಟ್ಟೆ ಒಣಹಾಕಲು ಬಾಲ್ಕನಿಗೆ ಬಂದಾಗಲೆಲ್ಲ ಅದು ಕಾಣುತ್ತಿತ್ತು. ಮೊದಲ ವಾರ ಶೆಡ್ಡಿನಿಂದ ಶೆಡ್ಡಿಗೆ ಮೂಸುತ್ತ ಓಡಾಡಿತು. ಆಮೇಲೆ ಒಲೆಯ ಪಕ್ಕ ಮಲಗಿದ್ದು ಏಳಲೇ ಇಲ್ಲ.

ಒಂದು ಭಾನುವಾರ ತಡೆಯಲಾರದೆ ಇಳಿದುಹೋದೆ. ಮೈತುಂಬ ಕಜ್ಜಿ, ಬೆನ್ನಿನ ಮೇಲೆ ಕೂದಲೇ ಇರಲಿಲ್ಲ. ಕೊರಳಲ್ಲಿ ಒಂದು ಕರಿ ದಾರ, ಅದಕ್ಕೆ ಪೋಣಿಸಿದ ಒಂದು ಕವಡೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಕಾರಿನಲ್ಲಿ ಹಾಕಿಕೊಂಡು ಮುಖ್ಯರಸ್ತೆಯ ಪ್ರಾಣಿಗಳ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರು ನನಗಿಂತ ಎಷ್ಟೋ ಚಿಕ್ಕವರಾದ ಹೆಣ್ಣುಮಗಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಆಕೆ ಬರೆದುಕೊಂಡರು. ಮನೆಗೆ ತಂದು ಔಷಧಿಯ ಸ್ನಾನ ಮಾಡಿಸುವಾಗ ದಾರ ಅಡ್ಡ ಬಂತು. ಕತ್ತರಿಯಿಂದ ಕತ್ತರಿಸಿ ಕವಡೆಯ ಸಮೇತ ಕಸದ ಬುಟ್ಟಿಗೆ ಎಸೆದೆ.

ಕಜ್ಜಿ ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ನಾನು ದಿನ ಬಿಟ್ಟು ದಿನ ಅದರ ಮೈಗೆ ಮುಲಾಮು ಹಚ್ಚಿದೆ. ಅದು ನನ್ನ ಕೈ ಕಚ್ಚಿತು, ಸೋಫಾ ಹರಿಯಿತು, ಕೊನೆಗೆ ಒಂದು ದಿನ ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡು ಮಲಗಿತು. ಅಲ್ಲಿಂದ ಮುಂದೆ ಅದು ನನ್ನದು. ಹಾಗಂತ ನಾನು ತಿಳಿದುಕೊಂಡೆ.

ಗಣಪತಿ ಹಬ್ಬ ಮುಗಿದ ಮೇಲೆ ಶೆಡ್ಡುಗಳಲ್ಲಿ ಮತ್ತೆ ಹೊಗೆ ಕಾಣಿಸಿತು. ಕೆಲಸ ಶುರುವಾಗಿತ್ತು. ನಾನು ಅದನ್ನು ನೋಡಿಯೂ ನೋಡದಂತೆ ಇದ್ದೆ. ನಾಯಿಯನ್ನು ತಿರುಗಾಡಿಸುವ ದಾರಿಯನ್ನು ಮಾತ್ರ ಬದಲಾಯಿಸಿ, ಹಿಂದಿನ ಗೇಟಿನಿಂದ ಹೋಗತೊಡಗಿದೆ. ಆದರೆ ಒಂದು ಬೆಳಿಗ್ಗೆ ಹಿಂದಿನ ಗೇಟಿಗೆ ಬೀಗ ಹಾಕಿತ್ತು. ಮುಂದಿನ ಗೇಟು ದಾಟಿ ಹತ್ತು ಹೆಜ್ಜೆ ಹೋಗಿರಬಹುದು, ನಾಯಿ ನಿಂತುಬಿಟ್ಟಿತು. ಎದುರಿಗೆ ನೀರಿನ ಕೊಡ ಹೊತ್ತ ಒಬ್ಬ ಹೆಂಗಸು. ಆಕೆ ಕೊಡವನ್ನು ರಸ್ತೆಯ ಮೇಲೆಯೇ ಇಳಿಸಿ ನಾಲಿಗೆಯಿಂದ ಒಂದು ಸದ್ದು ಮಾಡಿದಳು. ನಾಯಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿತು. ಕೊಡ ಉರುಳಿತು. ಆಕೆ ಆ ನೀರಿನಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅದನ್ನು ತಬ್ಬಿಕೊಂಡಳು.

"ಬದುಕಿಯೇನ ನನ್ನವ್ವ, ಬದುಕಿಯೇನ!"

"ಅದು ನನ್ ನಾಯಿ. ಬಿಡಿ," ಎಂದೆ.

ಆಕೆ ತಲೆ ಎತ್ತಿದಳು. "ಇದು ನಮ್ಮ ನಾಯಿ ಅದರಿ ಅಕ್ಕಾರೆ. ಇಲ್ಲೇ ಉಸುಕಿನ ರಾಶಿ ಮ್ಯಾಲ ಹುಟ್ಟಿದ್ದು. ಬಸ್ಸಿನಾಗ ಹತ್ತಿಸಿಕೊಳ್ಳಲಿಲ್ಲಂತ ಬಿಟ್ಟು ಹೋಗಿದ್ದೆವ್ರಿ. ಸೈಟಿನ ವಾಚ್‌ಮನ್‌ಗ ಎರಡು ಹೊತ್ತು ರೊಟ್ಟಿ ಹಾಕಪಾ ಅಂತ ಕೈಮುಗುದು ಹೇಳಿದ್ದೆ."

"ವಾಚ್‌ಮನ್ ನಿಮ್ ಹಿಂದೇನೇ ಹೊರಟೋದ. ನಾಯಿ ಸಾಯೋ ಹಾಗಿತ್ತು. ಇಷ್ಟ್ ತಿಂಗಳಿಂದ ಮುಲಾಮು ಹಚ್ಚಿ ನಾನ್ ನೋಡ್ಕೊಂಡಿದೀನಿ."

"ಭಾಳ ಪುಣ್ಯ ಬಂತ್ರಿ ನಿಮಗ," ಎಂದಳು. ಆಮೇಲೆ ತೀರಾ ಸಹಜವಾಗಿ, "ಇನ್ನ ನಾವು ಬಂದೇವಲ್ರಿ," ಎಂದಳು.

ನನ್ನ ತಲೆಗೆ ಬೆಂಕಿ ಹತ್ತಿದ್ದು ಆ ಮಾತಿಗೆ. ನಾನೇನು ಇವರ ನಾಯಿಯನ್ನು ಕಾಯಲು ಇಟ್ಟುಕೊಂಡಿದ್ದ ಆಳೇ? ಆಕೆಯ ಮಾತಿನ ಧಾಟಿ ನನಗೆ ಹೊಸದೇನಲ್ಲ. ನಾವು ಹಾವೇರಿ ಕಡೆಯವರು, ಮನೆಯಲ್ಲಿ ಇವತ್ತಿಗೂ ಹೆಚ್ಚುಕಡಿಮೆ ಹೀಗೇ ಮಾತಾಡುತ್ತೇವೆ. ಆದರೆ ಅವತ್ತು ನಾನು ಬೇಕೆಂದೇ ಬೆಂಗಳೂರಿನ ಕನ್ನಡ ಬಿಡಲಿಲ್ಲ. ನಮ್ಮ ಕಡೆಯವಳು ಎಂದು ಆಕೆಗೆ ಗೊತ್ತಾದರೆ ಸಲಿಗೆ ಬೆಳೆಸಿಯಾಳು ಎಂದು.

"ಕೊಳ್ಳಾಗ ಕವಡಿ ಕಟ್ಟಿದ್ದೆ. ಎಲ್ಲಿ ಹೋತ್ರಿ?"

"ಯಾವ ಕವಡೆನೂ ಇರ್ಲಿಲ್ಲ," ಎಂದು ಸುಳ್ಳು ಹೇಳಿ, ಹಗ್ಗ ಹಿಡಿದು ನಾಯಿಯನ್ನು ಎಳೆದುಕೊಂಡು ಬಂದೆ. ಅದು ನಾಲ್ಕೂ ಕಾಲು ಊರಿ ನಿಂತಿತ್ತು. ಎಳೆದ ರಭಸಕ್ಕೆ ಅದರ ಕುತ್ತಿಗೆ ಬಿಗಿದು ಕೆಮ್ಮಿತು. ಹಿಂದಿನಿಂದ ಆಕೆ ಕೂಗಿದಳು: "ಎಳೀಬ್ಯಾಡ್ರಿ! ಎಳೀಬ್ಯಾಡ್ರಿ ಅದನ್ನ!"

ಅಂದಿನಿಂದ ಯುದ್ಧ. ದಿನಾ ಸಂಜೆ ಕೆಲಸ ಬಿಟ್ಟ ಮೇಲೆ ಆಕೆ ಕಾಂಪೌಂಡಿನ ಆಚೆ ಇಟ್ಟಿಗೆಯ ರಾಶಿ ಹತ್ತಿ ನಿಂತು ನಮ್ಮ ಬಾಲ್ಕನಿಯ ಕಡೆ ಆ ಸದ್ದು ಮಾಡುತ್ತಿದ್ದಳು. ನಾಯಿ ಬಾಲ್ಕನಿಯ ಸರಳಿನಲ್ಲಿ ಮೂತಿ ತೂರಿಸಿ ಊಳಿಡುತ್ತಿತ್ತು. ನಾನು ಬಾಲ್ಕನಿಯ ಬಾಗಿಲು ಹಾಕಿ ಟೀವಿ ಜೋರಾಗಿ ಇಡುತ್ತಿದ್ದೆ. ಸೆಕ್ಯೂರಿಟಿಯವರಿಗೆ ಹೇಳಿ ಆಕೆಯನ್ನು ಅಲ್ಲಿಂದ ಓಡಿಸಿದೆ. ಮಾರನೇ ದಿನ ಆಕೆ ಗೇಟಿಗೇ ಬಂದು, ಆಫೀಸಿನಿಂದ ಮರಳುತ್ತಿದ್ದ ಜನರ ಎದುರು, "ನಾಯಿ ಕಳ್ಳಿ! ಓದಿದಾಕಿ ಅಂತ, ನಾಯಿ ಕಳ್ಳಿ!" ಎಂದು ಕೂಗಾಡಿದಳು. ನಾನು ಸೈಟಿನ ಇಂಜಿನಿಯರಿಗೆ ಫೋನು ಮಾಡಿ ನಿಮ್ಮ ಲೇಬರು ನಮಗೆ ತೊಂದರೆ ಕೊಡುತ್ತಿದ್ದಾರೆ ಎಂದು ದೂರಿದೆ. ಆಕೆಯ ಕೆಲಸಕ್ಕೆ ಕುತ್ತು ಬರಬಹುದೆಂದು ಗೊತ್ತಿದ್ದೇ ದೂರಿದೆ.

ನನ್ನ ಗಂಡ ಮೊದಲಿನಿಂದಲೂ ಆಕೆಯ ಪಕ್ಷ.

"ಆಕಿ ನಾಯಿ ಅದು. ನಿನಗೂ ಗೊತ್ತೈತಿ. ಅತ್ಲಾಗ ಕೊಟ್ಟು ಬಿಡು, ಬ್ಯಾರೆ ಮರಿ ತರೋಣು," ಎಂದರು.

"ಸಾಯಾಕ ಬಿಟ್ಟು ಹೋದಾಕಿಗೆ ಕೊಡಬೇಕಾ?"

"ಬೇಕಂತ ಬಿಟ್ಟು ಹೋಗ್ಯಾಳೇನು? ಬಸ್ಸಿನ್ಯಾಗ ಹತ್ತಿಸಿಕೊಳ್ಳಲಿಲ್ಲ ಅಂದ್ರ ಏನು ಮಾಡ್ತಾಳ?"

ಎರಡು ದಿನ ನಾನು ಅವರ ಜೊತೆ ಮಾತು ಬಿಟ್ಟೆ.

ಚಿಪ್ಪಿನ ಮಾತು ತಲೆಗೆ ಹಾಕಿದ್ದು ನಾಲ್ಕನೇ ಮಹಡಿಯ ಒಬ್ಬಾಕೆ. ಅವರ ಮನೆಯಲ್ಲಿ ಒಂದು ದುಬಾರಿ ಜಾತಿಯ ನಾಯಿಯಿದೆ. "ಚಿಪ್ ಹಾಕಿಸ್ಬಿಡ್ರೀ. ನಿಮ್ ಹೆಸರು, ಫೋನ್ ನಂಬರ್ ಎಲ್ಲಾ ಅದ್ರಲ್ಲಿ ಬರತ್ತೆ. ಆಮೇಲೆ ಅವ್ಳು ಎಷ್ಟ್ ಬಡ್ಕೊಂಡ್ರೂ ಏನೂ ಮಾಡಕ್ಕಾಗಲ್ಲ," ಎಂದರು. ಆ ಮಾತು ಕೇಳಿ ಎಷ್ಟು ಖುಷಿಯಾಯಿತೆಂದರೆ, ಅವತ್ತು ಮನೆಯಲ್ಲಿ ಶಾವಿಗೆ ಪಾಯಸ ಮಾಡಿದೆ.

ಶನಿವಾರ ಮಧ್ಯಾಹ್ನ ನಾಯಿಯನ್ನು ಕರೆದುಕೊಂಡು ಅದೇ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ವಿವರಿಸಿದರು. ಚಿಪ್ ಎಂದರೆ ಅಕ್ಕಿಕಾಳಿಗಿಂತ ಒಂಚೂರು ದೊಡ್ಡದು. ದಪ್ಪ ಸೂಜಿಯಿಂದ ಎರಡು ಹೆಗಲುಗಳ ನಡುವೆ ಚರ್ಮದ ಕೆಳಗೆ ಇಡುತ್ತಾರೆ. ನಾಯಿ ಎಲ್ಲಿದೆ ಎಂದು ಅದು ತೋರಿಸುವುದಿಲ್ಲ. ಅದರಲ್ಲಿ ಇರುವುದು ಒಂದು ಸಂಖ್ಯೆ ಅಷ್ಟೇ. ಮೇಲೆ ಯಂತ್ರ ಹಿಡಿದರೆ ಆ ಸಂಖ್ಯೆ ಕಾಣುತ್ತದೆ, ಸಂಖ್ಯೆಯಿಂದ ಮಾಲೀಕರ ಹೆಸರು, ಫೋನು ಸಿಗುತ್ತದೆ. ಹಾಗೆ ಹೇಳುತ್ತಲೇ ಆಕೆ ನಾಯಿಯ ಹಳೆಯ ಕೇಸ್ ಪೇಪರ್ ತೆಗೆದು ನೋಡಿದರು. 

"ಮೇಡಂ, ಇಲ್ಲಿ ಪಕ್ಕದ ಲೇಬರ್ ಶೆಡ್‌ನೋರ ನಾಯಿ, ಅವರು ಊರಿಗೆ ಹೋಗಿದಾರೆ ಅಂತ ಬರ್ದಿದೀನಿ. ಮೊದಲನೇ ಸಲ ಬಂದಾಗ ನೀವೇ ಹೇಳಿದ್ದು."

"ಅವಾಗ ಹಾಗ್ ಅನ್ಕೊಂಡಿದ್ದೆ."

"ಅವ್ರು ವಾಪಸ್ ಬರ್ಲಿಲ್ವಾ?"

ನಾನು ನಾಯಿಯ ಹಗ್ಗವನ್ನು ಕೈಗೆ ಸುತ್ತಿಕೊಂಡೆ. ಆಕೆ ಮೆತ್ತಗೆ, "ಅವ್ರು ಕೊಟ್ಟಿದೀವಿ ಅಂತ ಒಂದ್ ಸೈನ್ ಹಾಕಿ ಕೊಟ್ರೆ ಇವತ್ತೇ ಹಾಕ್ಬಿಡ್ತೀನಿ ಮೇಡಂ," ಎಂದರು.

"ಸಾಯ್ತಿದ್ದಾಗ ತಂದು ಬದುಕಿಸಿದ್ದು ನಾನು. ಅವಾಗ ಯಾರ್ ಸೈನ್ ಕೇಳಿದ್ರಿ ನೀವು?"

"ಅದು ಟ್ರೀಟ್‌ಮೆಂಟ್ ಮೇಡಂ. ಇದು ಬೇರೆ."

ನನಗಿಂತ ಇಪ್ಪತ್ತು ವರ್ಷ ಚಿಕ್ಕವಳಿಂದ ಪಾಠ ಹೇಳಿಸಿಕೊಂಡ ಅವಮಾನ. ನಿಮ್ಮ ಕ್ಲಿನಿಕ್ಕಿಗೆ ಇನ್ನು ಕಾಲಿಡುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಬಂದೆ. ಕಾರಿನಲ್ಲಿ ಕೂತು ಸ್ಟೀರಿಂಗ್ ಹಿಡಿದುಕೊಂಡು ಹತ್ತು ನಿಮಿಷ ಯೋಚನೆ ಮಾಡಿದೆ. ಮನೆಗೆ ಹೋಗಬಹುದಿತ್ತು. ನಾಯಿ ಹಿಂದಿನ ಸೀಟಿನಿಂದ ನನ್ನ ಕಿವಿಯನ್ನು ಮೂಸಿತು. ನಾನು ಹೊಸಕೋಟೆ ರಸ್ತೆಯ ಕಡೆ ಕಾರು ತಿರುಗಿಸಿದೆ.

ಅಲ್ಲಿನ ಕ್ಲಿನಿಕ್ಕಿನಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಒಂದು ಫಾರಂ ಕೊಟ್ಟರು. ಮಾಲೀಕರು ಎಂಬಲ್ಲಿ ನನ್ನ ಹೆಸರು ಬರೆದೆ. ಪ್ರಾಣಿ ಎಲ್ಲಿಂದ ಬಂತು ಎಂಬಲ್ಲಿ ಪೆನ್ನು ಸ್ವಲ್ಪ ತಡೆಯಿತು. 'ರಸ್ತೆಯಲ್ಲಿ ಸಿಕ್ಕಿದ್ದು' ಎಂದು ಬರೆದೆ. ಇದಕ್ಕೆ ಬೇರೆ ಹಕ್ಕುದಾರರಿಲ್ಲ ಎಂಬ ಸಾಲಿನ ಕೆಳಗೆ ಸಹಿ ಮಾಡಿದೆ. ಸೂಜಿ ನಾನು ಅಂದುಕೊಂಡದ್ದಕ್ಕಿಂತ ದಪ್ಪವಿತ್ತು. ನಾಯಿ ಒಮ್ಮೆ ಕುಂಯ್ ಎಂದು ನನ್ನ ಕಂಕುಳಲ್ಲಿ ಮುಖ ಹುದುಗಿಸಿತು. ಡಾಕ್ಟರು ಅದರ ಬೆನ್ನ ಮೇಲೆ ಯಂತ್ರ ಆಡಿಸಿದರು, ಸಂಖ್ಯೆ ಬಂತು. ಮುಗಿಯಿತು.

ಅವತ್ತೇ ಸಂಜೆ ಆಕೆ ಗೇಟಿಗೆ ಬರುವುದನ್ನೇ ಕಾದಿದ್ದು ಸರ್ಟಿಫಿಕೇಟು ಹಿಡಿದು ಕೆಳಗಿಳಿದೆ. "ನೋಡಿ. ನಾಯಿ ಮೈಯೊಳಗೆ ಈಗ ನನ್ ಹೆಸರಿದೆ. ಇನ್ನೊಂದ್ಸಲ ಇಲ್ಲಿ ಬಂದ್ರೆ ಪೊಲೀಸ್‌ಗೆ ಹೇಳ್ತೀನಿ. ಓದಕ್ಕೆ ಬರತ್ತಾ ನಿಮ್ಗೆ?" ಎಂದೆ.

ಆಕೆ ಕಾಗದ ಮುಟ್ಟಲಿಲ್ಲ. "ಮೈಯೊಳಗಂದ್ರ? ಕೊಯ್ದರೇನು?" ಎಂದಳು.

"ಸೂಜಿಯಲ್ಲಿ ಹಾಕ್ತಾರೆ."

"ಎಲ್ಲಿ?"

ನನ್ನ ಹೆಗಲು ಮುಟ್ಟಿ ತೋರಿಸಿದೆ. ಆಕೆ ನನ್ನ ಮುಖವನ್ನೇ ದಿಟ್ಟಿಸಿದಳು. "ನಿಮ್ಮ ಕೈ ಸೇದಿ ಹೋಗ್ಲಿ," ಎಂದು ಶಾಪ ಹಾಕಿ ತಿರುಗಿ ನಡೆದಳು. ಆಮೇಲೆ ಆಕೆ ಗೇಟಿಗೆ ಬರಲಿಲ್ಲ, ಇಟ್ಟಿಗೆಯ ರಾಶಿಯನ್ನೂ ಹತ್ತಲಿಲ್ಲ. ಗೆದ್ದೆ ಎಂದುಕೊಂಡೆ.

ದೀಪಾವಳಿ ಕಳೆದು ಒಂದು ವಾರವಾಗಿತ್ತು. ನಾನು ಕಾಲೇಜಿನಲ್ಲಿದ್ದಾಗ ಮನೆಗೆಲಸದಾಕೆಯ ಫೋನು ಬಂತು. ಮಧ್ಯಾಹ್ನ ನಾಯಿಯನ್ನು ಕೆಳಗೆ ಕರೆದುಕೊಂಡು ಹೋಗುವುದು ಅವಳ ಕೆಲಸ. "ಆ ಶೆಡ್‌ನೋಳು ಬಂದು ಹಗ್ಗ ಕಿತ್ಕೊಂಡ್ಬಿಟ್ಲು ಮೇಡಂ. ಟೆಂಪೋ ರೆಡಿ ಇತ್ತು, ಸಾಮಾನು, ನಾಯಿ ಎಲ್ಲಾ ಹಾಕ್ಕೊಂಡು ಹೊರಟೋದ್ರು. ಜಿಗಣಿ ಕಡೆ ಬೇರೆ ಕೆಲಸ ಸಿಕ್ಕಿದೆಯಂತೆ," ಎಂದಳು. ಅವಳೇ ಹಗ್ಗ ಕೊಟ್ಟಳೋ, ಆಕೆ ಕಿತ್ತುಕೊಂಡಳೋ ನನಗೆ ಇವತ್ತಿಗೂ ತಿಳಿಯದು. ಅವಳನ್ನು ಮರುದಿನವೇ ಕೆಲಸದಿಂದ ಬಿಡಿಸಿದೆ.

ಚಿಪ್ಪಿನ ದಾಖಲೆಯಲ್ಲಿ 'ಕಳವಾಗಿದೆ' ಎಂದು ಗುರುತು ಹಾಕುವ ಸೌಲಭ್ಯವಿತ್ತು. ಹಾಕಿದೆ. ಮನೆ ಎಷ್ಟು ಖಾಲಿಯೆನಿಸಿತು ಎಂದು ಹೇಳಿಕೊಳ್ಳಲು ನನಗೆ ಬಾಯಿ ಇರಲಿಲ್ಲ. ಹೇಳಿಕೊಂಡರೆ ಗಂಡ ಏನೆನ್ನುತ್ತಾರೆಂದು ಗೊತ್ತಿತ್ತು. ಅದರ ತಟ್ಟೆಯನ್ನು ತೊಳೆದು ಅಟ್ಟದ ಮೇಲಿಟ್ಟೆ. ಅತ್ತಿದ್ದು ಕಾಲೇಜಿನ ಲ್ಯಾಬಿನಲ್ಲಿ, ಒಬ್ಬಳೇ ಇದ್ದಾಗ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಜಿಗಣಿಯಲ್ಲಿ ನಾಯಿಗಳಿಗೆ ಉಚಿತ ರೇಬಿಸ್ ಲಸಿಕೆಯ ಶಿಬಿರ ನಡೆಸುತ್ತಿದ್ದವರು. ಚಿಪ್ಪನ್ನೂ ಹಾಕುತ್ತಿದ್ದುದರಿಂದ ಪ್ರತಿ ನಾಯಿಗೂ ಮೊದಲು ಯಂತ್ರ ಹಿಡಿದು ನೋಡುತ್ತಿದ್ದರಂತೆ. ಒಂದು ನಾಯಿಯಲ್ಲಿ ನನ್ನ ಹೆಸರು ಸಿಕ್ಕಿದೆ, ಕಳವಾಗಿದೆ ಎಂದೂ ಇದೆ, ಕರೆತಂದ ಹೆಂಗಸು ತನ್ನದೇ ಎನ್ನುತ್ತಿದ್ದಾಳೆ, ಬರುತ್ತೀರಾ ಎಂದರು. ಗಂಡನಿಗೆ ಹೇಳದೆ ಹೊರಟೆ. ವರ್ತೂರು, ಸರ್ಜಾಪುರ, ಚಂದಾಪುರ ದಾಟುವಷ್ಟೂ ಹೊತ್ತು ಆಕೆಗೆ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಒಂದೊಂದು ಸಿಗ್ನಲಿನಲ್ಲೂ ಒಂದೊಂದು ಹೊಸ ಬೈಗುಳ ಹೊಳೆಯುತ್ತಿತ್ತು.

ಶಿಬಿರ ಒಂದು ಶಾಲೆಯ ಆವರಣದಲ್ಲಿತ್ತು. ಶಾಮಿಯಾನದ ಕೆಳಗೆ ಮೇಜು, ಸುತ್ತ ಕೂಲಿಯವರು, ಅವರವರ ನಾಯಿಗಳು. ನನ್ನ ನಾಯಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಪಕ್ಕದಲ್ಲಿ ಆಕೆ ನೆಲದ ಮೇಲೆ ಕೂತಿದ್ದಳು. ನಾಯಿ ನನ್ನನ್ನು ಕಂಡದ್ದೇ ಕುಣಿದಾಡಿ ಎದೆಗೆ ಹಾರಿತು, ಮುಖ ನೆಕ್ಕಿತು. ಎಲ್ಲರೂ ನೋಡಲಿ ಎಂದು ನಾನು ಹಿಗ್ಗಿದೆ. ಆಮೇಲೆ ಅದು ಆಕೆಯ ಬಳಿ ಹೋಗಿ ಅಷ್ಟೇ ಕುಣಿದು, ನಮ್ಮಿಬ್ಬರನ್ನೂ ಒಂದೇ ಕಡೆ ನೋಡಿದ ಸಂತೋಷಕ್ಕೆ ಹಗ್ಗ ಸುತ್ತಿಕೊಂಡು ಬಿತ್ತು. ಕೂದಲು ಮಿರಿಮಿರಿ ಹೊಳೆಯುತ್ತಿತ್ತು. ಬಡಕಲಾಗಿರುತ್ತದೆ, ಮತ್ತೆ ಕಜ್ಜಿಯಾಗಿರುತ್ತದೆ ಎಂದು ನಾನು ದಾರಿಯುದ್ದಕ್ಕೂ ನಂಬಿಕೊಂಡು ಬಂದಿದ್ದೆ.

ಶಿಬಿರದ ಡಾಕ್ಟರು ವಯಸ್ಸಾದವರು. "ದಾಖಲೆ ಪ್ರಕಾರ ನಾಯಿ ನಿಮ್ದು ಮೇಡಂ. ಈಯಮ್ಮ ಬಿಡ್ತಿಲ್ಲ. ಪೊಲೀಸ್‌ನೋರನ್ನ ಕರೀಬೇಕಾ, ಹೇಳಿ," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಆಕೆ ಎದ್ದಳು. "ಕರೀರಿ. ಯಾರನ್ನಾರ ಕರೀರಿ. ಸರ, ನಾನು ಕದ್ದಾಕಿ ಆಗಿದ್ರ ಇಲ್ಲಿಗ್ಯಾಕ ಬರ್ತಿದ್ದೆ? ಇದಕ್ಕ ಸೂಜಿ ಹಾಕಿಸಬೇಕಂತ ಇವತ್ತಿನ ಕೆಲಸ ಬಿಟ್ಟು ಬಂದೀನಿ. ಈ ಅಕ್ಕಾರು ತಮ್ಮ ಹೆಸರು ಅದರ ಮೈಯಾಗ ಇಟ್ಟಾರಂತ. ಕೊಯ್ದು ಆ ಹೆಸರು ತಗೊಂಡು ಹೋಗ್ಲಿ. ನಾಯಿ ಇಲ್ಲೇ ಇರ್ಲಿ."

ಸುತ್ತಲಿನವರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಸಾಯಕ್ ಬಿದ್ದಿದ್ದಾಗ ಎಲ್ ಹೋಗಿದ್ರಿ ನೀವು?" ಎಂದು ಕಿರುಚಿದೆ.

"ಊರಿಗೆ ಹೋಗಿದ್ದೆ. ಕೂಲಿ ಇಲ್ದ ಇಲ್ಲಿ ಏನು ತಿನ್ನಲಿ? ನೀವು ಮಹಡಿ ಮ್ಯಾಗ ಇರ್ತೀರಿ, ನಿಮಗ ಹೋಗೂದು ಬರೂದು ಇಲ್ಲ."

ಡಾಕ್ಟರು ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. "ಮೇಡಂ, ಒಂದೇ ಮಾತು ಕೇಳ್ತೀನಿ. ನಿಮ್ಮ ಹತ್ರ ಬರೋ ಮುಂಚೆ ಈ ನಾಯಿ ಯಾರ್ದು?"

ರಸ್ತೆಯಲ್ಲಿ ಸಿಕ್ಕಿದ್ದು ಎಂದುಬಿಡಬಹುದಿತ್ತು. ಒಮ್ಮೆ ಬರೆದೂ ಕೊಟ್ಟಿದ್ದೆ, ಆಗ ಏನೂ ಕಷ್ಟವಾಗಿರಲಿಲ್ಲ. ಆದರೆ ಆಗ ಆಕೆ ಎದುರಿಗಿರಲಿಲ್ಲ. ಈಗ ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಬೇಡುವ ನೋಟವಲ್ಲ ಅದು. ಹೇಳು ನೋಡೋಣ ಎನ್ನುವ ನೋಟ. 

"ಇವರದ್ದು," ಎಂದೆ.

"ಹಾಗಾದ್ರೆ ಇವರ ಹೆಸರಿಗೆ ಬದಲಾಯಿಸೋಣ್ವಾ?"

ತಲೆಯಾಡಿಸಿದೆ. ಮೇಜಿನ ಮೇಲೆ ಫಾರಂ ಇಟ್ಟರು. ನಾನು ಸಹಿ ಮಾಡಿದೆ. ಆಕೆ ಹೆಬ್ಬೆಟ್ಟು ಒತ್ತಬಹುದೆಂದುಕೊಂಡಿದ್ದೆ. ಆಕೆ ಪೆನ್ನು ತೆಗೆದುಕೊಂಡು, ಫಾರಂನಲ್ಲಿ ಕನ್ನಡದಲ್ಲಿದ್ದ ಸಾಲುಗಳನ್ನು ಒಂದೂ ಬಿಡದೆ ಓದಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಆಕೆಯ ಹೆಸರೇನೆಂದು ನನಗೆ ತಿಳಿದದ್ದು ಆಗಲೇ. ಅಲ್ಲಿಯವರೆಗೆ ಕೇಳಿರಲೂ ಇಲ್ಲ.

ಲಸಿಕೆ ಹಾಕಿಸಿಕೊಂಡು ನಾಯಿಯನ್ನು ಬಿಚ್ಚಿದಳು. ನಾನು ಅದರ ತಲೆ ಸವರಲು ಕೈ ಮುಂದೆ ಮಾಡಿದೆ. ಆಕೆ ಹಗ್ಗವನ್ನು ತನ್ನತ್ತ ಬಿಗಿಯಾಗಿ ಹಿಡಿದುಕೊಂಡಳು. ನಾನು ಆಗ ಮೊದಲ ಸಲ ಆಕೆಯ ಜೊತೆ ನಮ್ಮ ಮಾತಿನಲ್ಲಿ ಮಾತಾಡಿದೆ: "ಒಂದ ಸಲ ಮುಟ್ಟತೇನಿ."

ನನ್ನ ಮಾತಿನ ಧಾಟಿ ಕೇಳಿ ಆಕೆಯ ಹುಬ್ಬು ಗಂಟಿಕ್ಕಿತು. ಮೆತ್ತಗಾಗುತ್ತಾಳೆ ಎಂದುಕೊಂಡಿದ್ದೆ, ಇನ್ನಷ್ಟು ಬಿರುಸಾದಳು. "ನಮ್ಮ ಕಡೇದಾಕಿ ಆಗಿ ಹಿಂಗ ಮಾಡಿದಿ?" ಎಂದಳು. ಬಹುವಚನ ಬಿಟ್ಟಿದ್ದಳು. "ಮುಲಾಮು ಹಚ್ಚಿ ಬದುಕಿಸಿದಿ, ಅದು ಖರೇ. ಅದಕ್ಕ ಇಷ್ಟಕ್ಕ ಬಿಟ್ಟೀನಿ. ಇನ್ನೊಂದು ಸಲ ನಮ್ಮ ಶೆಡ್ಡಿನ ಕಡೆ ಬರಬ್ಯಾಡ."

ನಾಯಿ ಎರಡು ಸಲ ಹಿಂತಿರುಗಿ ನೋಡಿತು. ಆಮೇಲೆ ಆಕೆಯ ಹೆಜ್ಜೆಗೆ ಹೆಜ್ಜೆ ಹಾಕುತ್ತ ಕಾರ್ಖಾನೆಯೊಂದರ ಗೋಡೆಯ ಪಕ್ಕದ ದಾರಿಯಲ್ಲಿ ಹೋಯಿತು.

ಮನೆಗೆ ಬಂದು ಗಂಡನಿಗೆ ನಡೆದದ್ದೆಲ್ಲ ಹೇಳಿದೆ. "ಚಲೋ ಮಾಡಿದಿ," ಎಂದರು. ನನಗೆ ಮೈ ಉರಿದುಹೋಯಿತು. ಅವರ ಮುಖಕ್ಕೆ ಬಾಗಿಲು ಹಾಕಿಕೊಂಡು ಮಲಗಿದೆ. ನನಗೇನೂ ಅಲ್ಲಿ ಔದಾರ್ಯ ಉಕ್ಕಿ ಬಂದಿರಲಿಲ್ಲ. ಅಷ್ಟು ಜನರ ಎದುರು, ಆ ಕಣ್ಣುಗಳ ಎದುರು, ಸುಳ್ಳು ಹೇಳಲು ಬಾಯಿ ಬರಲಿಲ್ಲ, ಅಷ್ಟೇ. ಬಂದಿದ್ದರೆ ಹೇಳುತ್ತಿದ್ದೆ.

ಕೆಲಸದಾಕೆಯನ್ನು ಮತ್ತೆ ಕರೆಸಲು ಹೋದೆ. ಅವಳು ಬೇರೆ ಮನೆ ಹಿಡಿದಿದ್ದಳು, ನನ್ನ ಜೊತೆ ನಿಂತು ಮಾತಾಡಲಿಲ್ಲ. ನಾಲ್ಕನೇ ಮಹಡಿಯಾಕೆ ಲಿಫ್ಟಿನಲ್ಲಿ ಸಿಕ್ಕಾಗ, "ಚಿಪ್ ಹಾಕ್ಸಿದ್ರೂ ಕೊಟ್ಬಿಟ್ರಂತೆ?" ಎಂದು ಕೇಳಿದರು. ನಾನು ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂದೆ. ಈಗ ಅವರೂ ಮಾತು ಬಿಟ್ಟಿದ್ದಾರೆ. ಬೇರೆ ಮರಿ ತರೋಣ ಎಂದು ಗಂಡ ಆಗಾಗ ಹೇಳುತ್ತಿರುತ್ತಾರೆ. ನಾನು ಬೇಡ ಎನ್ನುತ್ತೇನೆ. ಆ ಹೆಂಗಸಿನ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ, ಆಕೆಗೂ ನನ್ನ ಮೇಲಿನದು ಹೋಗಿರಲಾರದು.